ಅರ್ಧ ಮಿಲಿಮೀಟರಿನ ಹೊಳಪು

ಫೈಬರ್ ದೋಣಿಯ ಚೆಂದ ನೋಡಬೇಕೆಂದರೆ ಅದನ್ನು ಬೋರಲು ಹಾಕಬೇಕು. ಹೊಳೆಯಲ್ಲಿರುವಾಗ ನೀರಿನ ಮಿನುಗೇ ಕಣ್ಣನ್ನು ಸೆಳೆದುಕೊಳ್ಳುತ್ತದೆ. ಅಂಗಳದಲ್ಲಿ ಎರಡು ಹಳೆಯ ಟಯರುಗಳ ಮೇಲೆ ಮಗುಚಿಟ್ಟು, ಬೆಳಗಿನ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಮೂತಿಯ ಕಡೆಯಿಂದ ಬಗ್ಗಿ ನೋಡಿದರೆ, ಬೆಳಕು ಅದರ ಬೆನ್ನಿನುದ್ದಕ್ಕೂ ಎಲ್ಲೂ ತಡವರಿಸದೆ ಹರಿದುಹೋಗುತ್ತದೆ. ಪಕ್ಕದ ತೆಂಗಿನ ಗರಿಯ ಒಂದೊಂದು ಎಸಳೂ ಅದರಲ್ಲಿ ಮೂಡಿರುತ್ತದೆ. ಗಂಗೊಳ್ಳಿಯ ಹತ್ತಿರ, ಪಂಚಗಂಗಾವಳಿಯ ಹಿನ್ನೀರಿನ ಬದಿಯಲ್ಲಿರುವ ನಮ್ಮ ಮನೆಯ 14 ಅಡಿಯ ದೋಣಿ ಈ ಏಪ್ರಿಲಿನಲ್ಲಿ ಇಳಿತದ ಹೊತ್ತಿಗೆ ದಂಡೆಯ ಶಿಲೆಕಲ್ಲಿಗೆ ತಾಗಿ ಅಂಗೈಯಗಲ ಸಿಪ್ಪೆ ಕಳೆದುಕೊಂಡಿತು. ಗಾಯದ ಸುತ್ತ ಜೇಡನ ಬಲೆಯಂಥ ಸಣ್ಣ ಬಿರುಕುಗಳು. ಹರಿದು ಬಂದ ಬೆಳಕು ಅಲ್ಲಿ ಮುಗ್ಗರಿಸುತ್ತಿತ್ತು.

ಆ ಸಿಪ್ಪೆಯ ಹೆಸರು ಜೆಲ್‌ಕೋಟ್. ನೋಡಲು ಪೇಂಟಿನಂತೆ ಕಂಡರೂ ಅದು ಪೇಂಟಲ್ಲ. ಪೇಂಟು ಎಲ್ಲ ಕಟ್ಟಿ ಮುಗಿದ ಮೇಲೆ ಬಳಿಯುವಂಥದ್ದು. ನಮ್ಮ ಕರಾವಳಿಯ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಸವರುತ್ತಿದ್ದದ್ದೂ ಹಾಗೆಯೇ, ಕೊನೆಗೆ. ಫೈಬರ್ ದೋಣಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕನ್ನಡಿಯಂತೆ ಉಜ್ಜಿ, ಮೇಣ ಹಚ್ಚಿಟ್ಟ ಅಚ್ಚಿನೊಳಗೆ ಮೊದಲು ಬೀಳುವುದೇ ಬಣ್ಣ ಬೆರೆಸಿದ ಜೆಲ್‌ಕೋಟ್. ಅದು ಕಟ್ಟಿಕೊಂಡ ಮೇಲೆ ಅದರ ಬೆನ್ನಿಗೆ ಗಾಜಿನ ನಾರಿನ ಮ್ಯಾಟು, ರೆಸಿನ್, ಮತ್ತೆ ಮ್ಯಾಟು. ಚರ್ಮ ಮೊದಲು, ಮಾಂಸ ಆಮೇಲೆ. ಅಮೆರಿಕದ ಓಹಿಯೊದಲ್ಲಿ ರೇ ಗ್ರೀನ್ 1942ರಲ್ಲಿ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿಸಿ ಪುಟ್ಟ ಹಾಯಿದೋಣಿಯೊಂದನ್ನು ಮಾಡಿದಲ್ಲಿಂದ ಇವತ್ತಿನವರೆಗೆ ರೆಸಿನ್ನುಗಳು ಎಷ್ಟೋ ಬದಲಾಗಿವೆ. ಅಚ್ಚಿನಲ್ಲಿ ಹೊರಗಿನಿಂದ ಒಳಕ್ಕೆ ಹುಟ್ಟುವ ಪರಿ ಮಾತ್ರ ಈಗಲೂ ನಡೆದಿದೆ. ದೋಣಿಯ ಹೊಳಪು ಯಾರೂ ಉಜ್ಜಿ ತಂದದ್ದಲ್ಲ, ಅದು ಅಚ್ಚು ಕೊಟ್ಟ ಬಳುವಳಿ.

ಒಡೆದ ಮೇಲೆ ಆ ಅಚ್ಚು ನಮ್ಮ ಬಳಿ ಇರುವುದಿಲ್ಲ. ಕೊನೆಯ ಪದರವನ್ನು ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿದ ಜಾಗದಲ್ಲಿ ಸಿಂಪಡಿಸಿ, ಅಚ್ಚು ಪುಕ್ಕಟೆಯಾಗಿ ಕೊಟ್ಟಿದ್ದ ಹೊಳಪನ್ನು ಕೈಯಿಂದ ಸಂಪಾದಿಸಿಕೊಳ್ಳಬೇಕು. ಈ ಕೆಲಸದ ಸೊಗಸೆಲ್ಲ ಇದರಲ್ಲಿದೆ ಎಂದು ನನಗೆ ಅನಿಸುತ್ತದೆ. ಅದೂ ಎಷ್ಟು ದಪ್ಪದಲ್ಲಿ? ಸುಮಾರು ಅರ್ಧ ಮಿಲಿಮೀಟರು, ಅಂದರೆ ನೋಟ್‌ಬುಕ್ಕಿನ ಐದಾರು ಹಾಳೆ. ಬಿಸಿಲು, ಉಪ್ಪು, ನೀರು ಎಲ್ಲವನ್ನೂ ತಡೆಯುವುದು ಅಷ್ಟೇ.

ಗಾಯ ತೊಳೆದು ಸಿದ್ಧಮಾಡುವ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಬಿರುಕಿನ ಮೇಲೆ ಹಾಗೆಯೇ ಹೊಡೆದರೆ ಅದು ಮತ್ತೆ ಮೇಲೆದ್ದು ಬರುತ್ತದೆ, ಆದ್ದರಿಂದ ಒಂದೊಂದನ್ನೂ ವಿ ಆಕಾರಕ್ಕೆ ಕೆರೆದು ಬಿಡಿಸಬೇಕು. ಗಾಯ ನಾರಿನವರೆಗೆ ಇಳಿದಿದ್ದರೆ ಅಂಚನ್ನು ಅಗಲವಾಗಿ ಇಳಿಜಾರು ಮಾಡಿ ಮ್ಯಾಟು ಕೂರಿಸಬೇಕು. ಆಮೇಲೆ ಉಜ್ಜುವುದು, ಅಸಿಟೋನಿನಲ್ಲಿ ಒರೆಸುವುದು, ಸುತ್ತ ಟೇಪು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಗಳೇನೋ ದಡದಲ್ಲಿ ಪುರುಸೊತ್ತಾಗಿರುತ್ತವೆ, ಆದರೆ ಮಳೆಗಾಲದ ತೇವಕ್ಕೂ ರೆಸಿನ್ನಿಗೂ ಆಗಿಬರುವುದಿಲ್ಲ. ಈ ಕೆಲಸದ ತಿಂಗಳು ಮೇ. ಅದರಲ್ಲೂ ಸಮುದ್ರದ ಗಾಳಿ ಏಳುವುದಕ್ಕೆ ಮುಂಚಿನ ಹೊತ್ತು.

ಬಣ್ಣ ಹೊಂದಿಸುವ ಹತ್ತಿರ ಮಾತ್ರ ನಾನು ಅವಸರ ಮಾಡಲಾರೆ. ನಮ್ಮ ದೋಣಿ ಬಿಳಿ. ಅಂಗಡಿಯಿಂದ ತಂದ ಬಿಳಿ ಜೆಲ್‌ಕೋಟಿನ ಒಂದು ಹನಿಯನ್ನು ದೋಣಿಯ ಮೇಲಿಟ್ಟಾಗ ದೋಣಿಯ ಬಿಳಿ ಬಿಳಿಯಾಗಿ ಉಳಿಯಲಿಲ್ಲ. ಹನ್ನೆರಡು ಬೇಸಿಗೆಯ ಬಿಸಿಲು ಅದಕ್ಕೆ ಹಳೆಯ ಪಂಚೆಯ ಬಣ್ಣ ಕೊಟ್ಟಿತ್ತು. ಗಾಯದ ಸುತ್ತಲಿನ ಮಸುಕನ್ನು ಮೊದಲು ಉಜ್ಜಿ ತೆಗೆದು, ಅದರಡಿಯ ನಿಜವಾದ ಬಣ್ಣವನ್ನು ಹೊರಗೆ ತಂದುಕೊಳ್ಳಬೇಕು. ಆಮೇಲೆ ಹಲ್ಲುಕಡ್ಡಿಯ ತುದಿಯಲ್ಲಿ ಹಳದಿ, ಇನ್ನೊಂದು ಕಡ್ಡಿಯ ತುದಿಯಲ್ಲಿ ಕಂದು. ಕಪ್ಪು ಬೇಕೆನಿಸಿದರೆ ಕಡ್ಡಿ ತಾಗಿತೋ ಇಲ್ಲವೋ ಎನ್ನುವಷ್ಟು. ಪ್ರತಿ ಸಲವೂ ಒಂದು ಹನಿ ದೋಣಿಯ ಮೇಲಿಟ್ಟು, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒತ್ತಿ, ನೆರಳಿನಲ್ಲೂ ಬಿಸಿಲಿನಲ್ಲೂ ನೋಡಬೇಕು. ಟ್ಯೂಬ್‌ಲೈಟಿನಡಿ ಒಂದಾದ ಎರಡು ಬಿಳಿಗಳು ಅಂಗಳಕ್ಕೆ ಬಂದರೆ ಬೇರೆಯಾಗುತ್ತವೆ. ಒಂದೂವರೆ ಗಂಟೆಯ ಹೊತ್ತಿಗೆ ಹಾಳೆಯಡಿಯ ಹನಿ ಅಂಚಿಲ್ಲದಂತಾಯಿತು. ಎಲ್ಲಿತ್ತೆಂದು ಬೆರಳಿನಲ್ಲಿ ಮುಟ್ಟಿಯೇ ಹುಡುಕಬೇಕಾಯಿತು. ಇಡೀ ರಿಪೇರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಜೆಲ್‌ಕೋಟನ್ನು ಕಲಕುವುದೂ ಒಂದು ಸುಖ. ಡಬ್ಬಿಯಲ್ಲಿ ಗಟ್ಟಿ ಮೊಸರಿನಂತೆ ಕೂತಿರುತ್ತದೆ, ಕೋಲಾಡಿಸಿದರೆ ಸಡಿಲವಾಗುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ಅದರಲ್ಲಿ ಬೆರೆತ ಹೂವಿನ ಪುಡಿಗಿಂತ ನಯವಾದ ಸಿಲಿಕಾದ ಗುಣ ಅದು. ಸ್ಪ್ರೇ ಗನ್ನಿನ ಬಾಯಿಂದ ನೀರಾಗಿ ಹಾರಿ, ದೋಣಿಯ ಇಳಿಜಾರಿಗೆ ತಾಗಿದೊಡನೆ ಸೋರದೆ ನಿಲ್ಲುವುದು ಇದರಿಂದಲೇ. 200 ಗ್ರಾಂ ತೂಗಿ, ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ಸಿರಿಂಜಿನಲ್ಲಿ ಎರಡೂವರೆ ಗ್ರಾಂ ಹಾಕಿದೆ. ಸಾಮಾನ್ಯವಾಗಿ ಶೇಕಡಾ 1ರಿಂದ 2ರ ನಡುವೆ, ಮೇ ತಿಂಗಳ ಸೆಕೆಗೆ ಕೆಳಗಿನ ಅಳತೆ. ಈ ಕ್ಯಾಟಲಿಸ್ಟು, ಎಂಇಕೆಪಿ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಗಟ್ಟಿಯಾಗುವುದಕ್ಕೆ ವೇಗ ಕೊಡುವ ಕೋಬಾಲ್ಟನ್ನು ಬೇರೆಯಾಗಿ ಕೊಡುವ ಕಡೆ ಅದನ್ನು ರೆಸಿನ್ನಿಗೆ ಮೊದಲೇ ಕಲಸಿಕೊಳ್ಳಬೇಕು. ಕೋಬಾಲ್ಟು, ಕ್ಯಾಟಲಿಸ್ಟು ಎರಡೂ ನೇರವಾಗಿ ಕೂಡಿದರೆ ಸಿಡಿಯುತ್ತವೆ. ಕನ್ನಡಕ, ಕೈಗವಸು, ಆವಿ ಹೀರುವ ಡಬ್ಬಿಯಿರುವ ಮಾಸ್ಕು ಇಲ್ಲದೆ ನಾನು ಮುಚ್ಚಳ ತೆಗೆಯುವುದಿಲ್ಲ. ಜೆಲ್‌ಕೋಟಿನಲ್ಲಿರುವ ಸ್ಟೈರೀನಿನ ಸಿಹಿಯಾದ ಘಾಟು ಮೂಗಿಗೆ ಬಂತೆಂದರೆ ಮಾಸ್ಕು ಎಲ್ಲೋ ಸಡಿಲವಾಗಿದೆ ಎಂದರ್ಥ. ಈ ಕೆಲಸದ ಸುಖ ನೋಟಕ್ಕೆ, ಸ್ಪರ್ಶಕ್ಕೆ, ಮೂಗಿಗಲ್ಲ.

ಗನ್ನು ಕಾರು ಪೇಂಟಿನ ಗ್ಯಾರೇಜಿನದು, ತುದಿ ಮಾತ್ರ ಎರಡೂವರೆ ಮಿಲಿಮೀಟರಿನದು. ಕಾರಿನ ಪೇಂಟಿಗೆ ಸಾಕಾಗುವ ಸಣ್ಣ ತೂತಿನಲ್ಲಿ ಜೆಲ್‌ಕೋಟ್ ಇಳಿಯುವುದಿಲ್ಲ. ಇಳಿಯಲೆಂದು ಅಸಿಟೋನ್ ಸುರಿದು ತೆಳು ಮಾಡುವವರಿದ್ದಾರೆ. ಆ ಅಸಿಟೋನ್ ಪದರದೊಳಗೆ ಸಿಕ್ಕಿಬಿದ್ದು ಆಮೇಲೆ ಸೂಜಿಮೊನೆಯಂಥ ತೂತುಗಳಾಗುತ್ತದೆ. ಬೇಕೆಂದರೆ ಸ್ವಲ್ಪ ಸ್ಟೈರೀನ್, ಅದೂ ನೂರಕ್ಕೆ ಹತ್ತನ್ನು ದಾಟದಂತೆ.

ಕಂಪ್ರೆಸರ್ ಮೊರೆಯತೊಡಗಿತು. ಮೊದಲ ಸುತ್ತು ಇಬ್ಬನಿ ಬಿದ್ದಷ್ಟೇ. ಕೈ ದೋಣಿಯ ಮೈಯಿಂದ ಒಂದೂವರೆ ಅಡಿ ದೂರದಲ್ಲಿ, ಅದರ ಬಾಗಿಗೆ ತಾನೂ ಬಾಗುತ್ತ ಸಾಗಬೇಕು. ಮಣಿಕಟ್ಟು ತಿರುಗಿದರೆ ನಡುವೆ ದಪ್ಪ, ತುದಿಯಲ್ಲಿ ತೆಳು. ಭುಜದಿಂದಲೇ ಬೀಸಬೇಕು, ಗದ್ದೆಯಲ್ಲಿ ಬೀಜ ಬಿತ್ತುವವರ ಕೈಯಂತೆ. ಗಾಯದ ಈಚೆಗೇ ಗುಂಡಿ ಒತ್ತಿ, ಗಾಯ ದಾಟಿದ ಮೇಲೆಯೇ ಬಿಡಬೇಕು. ಒಂದು ಸುತ್ತಿಗೆ ನೂರರಲ್ಲಿ ಹನ್ನೆರಡು ಭಾಗ ಮಿಲಿಮೀಟರು. ಎರಡು ಸುತ್ತಿನ ನಡುವೆ ಗಾಳಿಗುಳ್ಳೆಗಳು ಮೇಲೆ ಬಂದು ಒಡೆಯುವಷ್ಟು ಬಿಡುವು. ನಾಡದೋಣಿಗಳಿಗೆ ಫೈಬರ್ ಹಾಕುವ ಪರಿಚಯದವರೊಬ್ಬರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಮೂರನೆಯ ಸುತ್ತಿಗೆ ನನ್ನ ಕೈ ಬೇಗ ಎದ್ದಾಗ, “ಎಂತ ಅರ್ಜೆಂಟು ಮಾರಾಯ್ರೆ, ಸ್ವಲ್ಪ ನಿಲ್ಲಿ” ಎಂದರು. ನಿಂತೆ. ಒದ್ದೆ ಪದರ ಕಣ್ಣೆದುರೇ ಹರಡಿ ಸಮವಾಗುತ್ತಿತ್ತು. ತರಿತರಿಯಾಗಿದ್ದದ್ದು ಕಿತ್ತಳೆ ಸಿಪ್ಪೆಯಾಯಿತು, ಕಿತ್ತಳೆ ಸಿಪ್ಪೆ ಸಪೋಟದ ಸಿಪ್ಪೆಯಾಯಿತು.

ಕೊನೆಯ ಸುತ್ತಿನಲ್ಲಿ ಒಂದು ಗುಟ್ಟಿದೆ. ಪಾಲಿಯೆಸ್ಟರ್ ಜೆಲ್‌ಕೋಟಿನ ಮೇಲ್ಮೈ ಗಾಳಿ ತಾಗಿದಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಆಮ್ಲಜನಕ ಆ ಕ್ರಿಯೆಯನ್ನು ತಡೆಯುತ್ತದೆ, ಮೈ ಅಂಟುಅಂಟಾಗಿಯೇ ಉಳಿಯುತ್ತದೆ. ಅಚ್ಚಿನಲ್ಲಿ ಈ ತೊಡಕಿಲ್ಲ, ಹೊಳಪಿನ ಮುಖ ಅಚ್ಚಿಗೆ ಒತ್ತಿಕೊಂಡು ಗಾಳಿ ಕಾಣದೆ ಗಟ್ಟಿಯಾಗುತ್ತದೆ. ಬಯಲಿನಲ್ಲಿ ಹೊಡೆಯುವವರು ಕೊನೆಯ ಸುತ್ತಿಗೆ ಸ್ಟೈರೀನಿನಲ್ಲಿ ಕರಗಿಸಿದ ಮೇಣ ಬೆರೆಸುತ್ತಾರೆ. ಪದರ ಗಟ್ಟಿಯಾಗುತ್ತಿದ್ದಂತೆ ಮೇಣ ತಾನಾಗಿ ಮೇಲೇರಿ, ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಕಟ್ಟಿ ಗಾಳಿಯನ್ನು ಹೊರಗಿಡುತ್ತದೆ. ಮೊದಲ ಸುತ್ತುಗಳಿಗೆ ಇದನ್ನು ಬೆರೆಸಬಾರದು, ಮೇಣದ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಹೊಳೆಯುತ್ತಿದ್ದ ಒದ್ದೆ ಮೈ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮೆಲ್ಲನೆ ಮಂಕಾಯಿತು. ಮೇಣ ಬಂದಿದೆ ಎನ್ನುವುದಕ್ಕೆ ಆ ಮಂಕೇ ಗುರುತು. ಗನ್ನನ್ನು ಅಷ್ಟರೊಳಗೇ ಅಸಿಟೋನಿನಲ್ಲಿ ತೊಳೆದಿಟ್ಟಿದ್ದೆ, ತಡವಾದರೆ ಅದರ ಒಡಲು ಕಲ್ಲಾಗುತ್ತದೆ.

ಮಾರನೆಯ ದಿನ ತೇಯುವ ಕೆಲಸ. ಗಂಧ ತೇಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು, ಸಾಣೆ, ಹದವಾದ ಒತ್ತಡ, ಬೆರಳಡಿ ಏಳುವ ಬೆಳ್ಳನೆ ರೊಚ್ಚು. ಮೊದಲು ಇಡೀ ತೇಪೆಯ ಮೇಲೆ ಪೆನ್ಸಿಲಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದೆ. ಮರದ ತುಂಡಿಗೆ 320ರ ವಾಟರ್ ಪೇಪರ್ ಸುತ್ತಿ ಉಜ್ಜಿದಾಗ ದಿಬ್ಬದ ಗೆರೆಗಳು ಅಳಿದವು, ತಗ್ಗಿನವು ಉಳಿದವು. ಎಲ್ಲ ಗೆರೆಯೂ ಒಟ್ಟಿಗೆ ಅಳಿಯುವವರೆಗೆ, ಆದರೆ ಅಂಚಿನ ತೆಳು ಪದರ ಸವೆದು ಕೆಳಗಿನದು ಕಾಣದಂತೆ. ಐದು ಹಾಳೆಯ ದಪ್ಪದೊಳಗೆ ಇಷ್ಟೂ ಆಗಬೇಕು. ಆಮೇಲೆ 400, 600, 800, 1000, 1500. ಪ್ರತಿ ಪೇಪರೂ ತನ್ನ ಹಿಂದಿನದರ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಬಿಡುತ್ತದೆ. ಸದ್ದೂ ಬದಲಾಗುತ್ತದೆ. 320 ಕರಕರ ಎನ್ನುತ್ತಿತ್ತು. 600ಕ್ಕೆ ಅದು ರೇಷ್ಮೆ ಸೀರೆ ಮಡಿಸುವ ಸದ್ದಾಯಿತು. 1500ಕ್ಕೆ ಸದ್ದೇ ಇಲ್ಲ, ಒದ್ದೆ ಪೇಪರು ಮೈಗೆ ಅಂಟಿ ಎಳೆಯುವುದಷ್ಟೇ ತಿಳಿಯುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡು, ಕುರಿತುಪ್ಪಳದ ಬಟ್ಟೆ, ಅರ್ಧ ದಿನದ ತೋಳು. ಸಂಜೆ ತೆಂಗಿನ ಗರಿ ತೇಪೆಯ ಮೇಲೂ ಮೂಡಿತು. ಮೊದಲು ಮಸುಕಾಗಿ, ಇನ್ನಷ್ಟು ಉಜ್ಜಿದಾಗ ಎಸಳು ಎಸಳಾಗಿ.

ಸಾಮಾನು ಎತ್ತಿಡುವಾಗ ಹಿಂದಿನ ದಿನ ಜೆಲ್‌ಕೋಟ್ ಕಲಸಿದ ಐಸ್‌ಕ್ರೀಮ್ ಡಬ್ಬಿ ಸಿಕ್ಕಿತು. ಥರ್ಮಕೋಲಿನ ಲೋಟದಲ್ಲಿ ಕಲಸಿದರೆ ಸ್ಟೈರೀನ್ ಲೋಟವನ್ನೇ ಕರಗಿಸಿಬಿಡುತ್ತದೆ, ಹಾಗಾಗಿ ಇಂಥ ಡಬ್ಬಿಗಳನ್ನು ಕೂಡಿಡುತ್ತೇನೆ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಉಳಿದದ್ದು, ಮೇಣ ಬೆರೆಸದ ಮೊದಲ ಸುತ್ತುಗಳ ಜೆಲ್‌ಕೋಟ್, ಬಿಲ್ಲೆಯಾಗಿ ಗಟ್ಟಿಯಾಗಿತ್ತು. ಡಬ್ಬಿ ಹಿಂಡಿದೆ, ಟಪ್ಪೆಂದು ಬಿಟ್ಟುಕೊಂಡಿತು. ಗಾಳಿ ಕಂಡ ಮೇಲ್ಮುಖ ಇನ್ನೂ ಅಂಟು, ಹೆಬ್ಬೆರಳಿನ ಗೆರೆಗಳು ಅದರಲ್ಲಿ ಕೂತವು. ತಿರುಗಿಸಿ ನೋಡಿದರೆ, ಡಬ್ಬಿಯ ತಳಕ್ಕೆ ಒತ್ತಿಕೊಂಡಿದ್ದ ಮುಖ ಯಾರೂ ಉಜ್ಜದೆಯೇ ಥಳಥಳಿಸುತ್ತಿತ್ತು, ತಳದಲ್ಲಿ ಉಬ್ಬಿಸಿದ್ದ ಅಂಕಿಯೂ ತಿರುವುಮುರುವಾಗಿ ಅದರಲ್ಲಿ ಇಳಿದಿತ್ತು. ಅದನ್ನು ದೋಣಿಯ ತೇಪೆಯ ಪಕ್ಕಕ್ಕೆ ಹಿಡಿದು, ಬೆಳಕು ಹೋಗುವವರೆಗೂ ಎರಡು ಹೊಳಪುಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತ ಕುಳಿತಿದ್ದೆ.