ಗೀಸರಿನ ಕೈಪಿಡಿ: ಆಜ್ಞೆ ಉಂಟು, ಕಾರಣ ಇಲ್ಲ

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಅಮ್ಮತ್ತಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಬಚ್ಚಲಲ್ಲಿ 15 ಲೀಟರಿನ ವಿದ್ಯುತ್ ಗೀಸರ್ ಇತ್ತು. ಅದರ ಸುರಕ್ಷಾ ಕವಾಟದ, ಅಂದರೆ ಸೇಫ್ಟಿ ವಾಲ್ವಿನ, ಪುಟ್ಟ ಬಾಯಿಗೆ ಮರದ ಬೆಣೆ ಹೊಡೆದಿದ್ದರು. "ದಿನಾ ನೀರು ತೊಟ್ಟಿಕ್ಕುತ್ತಿತ್ತು ಸಾರ್, ಅದಕ್ಕೇ ಮುಚ್ಚಿದೆವು" ಎಂದರು ಮನೆಯ ಯಜಮಾನರು. ಅವರು ಓದು ಬಲ್ಲವರು. ಗೀಸರಿನ ಜೊತೆ ಬಂದ ಕೈಪಿಡಿಯನ್ನೂ ಜೋಪಾನವಾಗಿ ಇಟ್ಟಿದ್ದರು. "ಕವಾಟವನ್ನು ಮುಚ್ಚಬಾರದು" ಎಂದು ಅದರಲ್ಲಿ ದಪ್ಪ ಅಕ್ಷರದಲ್ಲೇ ಅಚ್ಚಾಗಿತ್ತು. ಏಕೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಪಠ್ಯಪುಸ್ತಕವನ್ನು ವಿಮರ್ಶಿಸುವಂತೆ ಆ ಕೈಪಿಡಿಯನ್ನು ಓದಿದೆ. ಅದರಲ್ಲಿ ಗುಣಗಳಿವೆ. ಜೋಡಣೆಯ ಚಿತ್ರ ಸ್ಪಷ್ಟವಾಗಿದೆ. ನೀರು ತುಂಬದೆ ಸ್ವಿಚ್ ಹಾಕಬಾರದೆಂಬ ಸೂಚನೆ ಮೊದಲ ಪುಟದಲ್ಲೇ ಇದೆ. ಕೊರತೆ ಇರುವುದು ನಿರ್ವಹಣೆಯ ಭಾಗದಲ್ಲಿ. ಮೂರು ಉದಾಹರಣೆ ನೋಡೋಣ.

ಮೊದಲನೆಯದು ಆ ಕವಾಟವೇ. ನೀರಿನ ಸಾಂದ್ರತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನಮೀಟರಿಗೆ 998 ಕಿ.ಗ್ರಾಂ; 60 ಡಿಗ್ರಿಯಲ್ಲಿ 983 ಕಿ.ಗ್ರಾಂ. ಅಂದರೆ ಗಾತ್ರ ಶೇಕಡಾ 1.5ರಷ್ಟು ಹಿಗ್ಗುತ್ತದೆ. 15 ಲೀಟರ್ ನೀರಿಗೆ ಇದು ಸುಮಾರು 230 ಮಿಲಿಲೀಟರ್, ದೊಡ್ಡ ಲೋಟದ ತುಂಬ ನೀರು. ತಣ್ಣೀರಿನ ಕೊಳವೆಯಲ್ಲಿ ಏಕಮುಖ ಕವಾಟವಿದ್ದರೆ ಹಿಗ್ಗಿದ ನೀರು ಹಿಂದಕ್ಕೆ ಹೋಗಲಾರದು. ಸುರಕ್ಷಾ ಕವಾಟದ ಮೂಲಕವೇ ಹೊರಬರಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಅದು ದೋಷವಲ್ಲ, ಕವಾಟ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ನೀರು ತಣ್ಣಗಿರುವಾಗಲೂ ಸೋರುತ್ತಿದ್ದರೆ ಆಗ ಕವಾಟವನ್ನು ಪರೀಕ್ಷಿಸಿ ಬದಲಾಯಿಸಬೇಕು. ಈ ಎರಡು ವಾಕ್ಯ ಕೈಪಿಡಿಯಲ್ಲಿದ್ದಿದ್ದರೆ ಬೆಣೆಯ ಅಗತ್ಯವೇ ಬರುತ್ತಿರಲಿಲ್ಲ.

ಬೆಣೆಯಿಂದ ಆಗುವ ಅಪಾಯ ಎಂಥದು? ಥರ್ಮೋಸ್ಟಾಟ್ ಕೆಟ್ಟು, ಅತಿತಾಪದ ಕಟ್ಔಟ್ ಕೂಡ ಕೈಕೊಟ್ಟಿತು ಎನ್ನಿ. ಮುಚ್ಚಿದ ಟ್ಯಾಂಕಿನಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಇನ್ನೂ ಬಿಸಿಯಾಗುತ್ತದೆ. 150 ಡಿಗ್ರಿ ತಲುಪಿದಾಗ ಟ್ಯಾಂಕ್ ಒಡೆದರೆ, ನೀರಿನ ಹತ್ತರಲ್ಲೊಂದು ಭಾಗಕ್ಕೆ ಸಮೀಪದಷ್ಟು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ಸುಮಾರು 1.4 ಕಿ.ಗ್ರಾಂ ನೀರಿನಿಂದ 2,300 ಲೀಟರಿಗೂ ಹೆಚ್ಚು ಹಬೆ! ಪುಟ್ಟ ಬಚ್ಚಲಿನಲ್ಲಿ ಅದು ಸ್ಫೋಟವೇ. ಕಾಫಿ ತೋಟದ ಕಟ್ಟಿಗೆಯಿಂದ ಕಾಯಿಸುತ್ತಿದ್ದ ತಾಮ್ರದ ಹಂಡೆಯಲ್ಲಿ ಈ ಭಯ ಇರಲಿಲ್ಲ. ಅದರ ಬಾಯಿ ತೆರೆದಿತ್ತು, ಹಬೆ ತಾನಾಗಿ ಹೋಗುತ್ತಿತ್ತು. ಗೀಸರಿನಲ್ಲಿ ಆ ತೆರೆದ ಬಾಯಿಯ ಕೆಲಸವನ್ನು ಮಾಡುವುದು ಈ ಪುಟ್ಟ ಕವಾಟ.

ಎರಡನೆಯದು, "ವರ್ಷಕ್ಕೊಮ್ಮೆ ಸುಣ್ಣದ ಪದರ ತೆಗೆಸಿ" ಎಂಬ ಸಲಹೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿಗೆ ಇದು ಸರಿ. ಕೊಡಗಿನದು ಹೆಚ್ಚು ಮಳೆಯ ನಾಡು. ಮಣ್ಣು ಆಮ್ಲೀಯ; ಬೆಳೆಗಾರರು ತೋಟಕ್ಕೆ ಸುಣ್ಣ ಹಾಕುವುದು ಅದಕ್ಕಾಗಿಯೇ. ಇಂಥ ಕಡೆಯ ಮೆದು ನೀರಿನಲ್ಲಿ ಸುಣ್ಣ ಕಟ್ಟುವುದಕ್ಕಿಂತ ಲೋಹ ಸವೆಯುವ ಚಿಂತೆ ದೊಡ್ಡದು. ಎನಾಮಲ್ ಲೇಪಿತ ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಸಿಯಮ್ ಆನೋಡ್ ದಂಡ ಇರುತ್ತದೆ. ಮೆಗ್ನೀಸಿಯಮ್‌ನ ಪ್ರಮಾಣಿತ ವಿದ್ಯುದಗ್ರ ವಿಭವ –2.37 ವೋಲ್ಟ್, ಕಬ್ಬಿಣದ್ದು –0.44 ವೋಲ್ಟ್. ಆದ್ದರಿಂದ ಮೊದಲು ಸವೆಯುವುದು ದಂಡ, ಟ್ಯಾಂಕ್ ಉಳಿಯುತ್ತದೆ. ದಂಡ ಮುಗಿದ ಮೇಲೆ ಟ್ಯಾಂಕಿನ ಸರದಿ! ಅದು ಎಷ್ಟು ಬೇಗ ಸವೆಯುವುದೆಂಬುದು ಆಮ್ಲೀಯತೆ, ಲವಣಾಂಶ ಮತ್ತು ತಾಪವನ್ನು ಅವಲಂಬಿಸುತ್ತದೆ. ದೇಶಕ್ಕೆಲ್ಲ ಒಂದೇ ಗಡುವು ಹೇಳುವ ಬದಲು, "ನಿಮ್ಮ ನೀರಿನ ಗುಣ ತಿಳಿಯಿರಿ, ದಂಡವನ್ನು ತೆಗೆಸಿ ನೋಡಿ" ಎನ್ನಬೇಕಿತ್ತು. ನಮ್ಮ ಕೈಪಿಡಿಯಲ್ಲಿ ಆನೋಡ್ ಇರುವುದು ಬಿಡಿಭಾಗಗಳ ಪಟ್ಟಿಯಲ್ಲಿ ಮಾತ್ರ.

ಮೂರನೆಯದು, "ಸರಿಯಾದ ಅರ್ತಿಂಗ್ ಇರಲಿ" ಎಂಬ ಮಾತು. ಸರಿ ಎಂದರೆ ಎಷ್ಟು? ಅರ್ತ್ ಗುಂಡಿಯ ರೋಧ 50 ಓಮ್ ಇದೆ ಎನ್ನಿ. ಕಾಯಿಸುವ ಸುರುಳಿಯ ಹೊದಿಕೆ ಒಡೆದು 230 ವೋಲ್ಟ್ ಟ್ಯಾಂಕಿಗೆ ತಗಲಿದರೆ ಅರ್ತ್ ಮೂಲಕ ಹರಿಯುವುದು ಹೆಚ್ಚೆಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದನ್ನು ಗಮನಿಸುವುದೂ ಇಲ್ಲ; ನಲ್ಲಿ, ನೀರು ಎಲ್ಲವೂ ಶಾಕ್ ಕೊಡುವ ಸ್ಥಿತಿಯಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ಒದ್ದೆಯಾಗಿದ್ದ ಮಣ್ಣು, ಕಾಫಿಯ ಹೂಮಳೆಗೆ ಮುಂಚೆ ಒಣಗಿದಾಗ ರೋಧ ಇನ್ನಷ್ಟು ಏರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಬೇಕು, ರೋಧವನ್ನು ಅಳೆಸಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು.

ದೋಷ ಕೈಪಿಡಿ ಬರೆದವರದು ಮಾತ್ರವೇ? ನೀರು ಹಿಗ್ಗುವುದು, ಒತ್ತಡದೊಂದಿಗೆ ಕುದಿಬಿಂದು ಏರುವುದು, ಓಮನ ನಿಯಮ, ಇವೆಲ್ಲವನ್ನೂ ನಾವು ತರಗತಿಯಲ್ಲಿ ಕಲಿಸುತ್ತೇವೆ. ಆದರೆ ಬಚ್ಚಲ ಬಾಗಿಲವರೆಗೆ ಅವನ್ನು ಕರೆದೊಯ್ಯುವುದಿಲ್ಲ. ನಾನೂ ಈ ಮಾತಿಗೆ ಹೊರತಲ್ಲ. ಶಿಕ್ಷಕರು ಒಂದು ಕೆಲಸ ಮಾಡಬಹುದು. ವಿದ್ಯಾರ್ಥಿಗಳಿಗೆ ತಮ್ಮ ಮನೆಯ ಗೀಸರಿನ ಕೈಪಿಡಿ ತರಲು ಹೇಳಿ, ಪ್ರತಿ ಆಜ್ಞೆಯ ಪಕ್ಕದಲ್ಲಿ ಅದರ ಕಾರಣವನ್ನು ಬರೆಸಿ. ಗೀಸರನ್ನು ಮಾತ್ರ ಅವರು ಮುಟ್ಟಬಾರದು. ಬಿಚ್ಚುವ ಕೆಲಸ ವಿದ್ಯುತ್ ಕಡಿದು, ನೀರು ತಣಿದ ಮೇಲೆ ನುರಿತವರು ಮಾಡಬೇಕಾದದ್ದು.

ಅಮ್ಮತ್ತಿಯ ಆ ಮನೆಯವರಿಗೆ ಲೋಟದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದೆ. ಬೆಣೆ ತೆಗೆಯಿರಿ ಎಂದು ನಾನು ಹೇಳಬೇಕಾಗಲಿಲ್ಲ. ಅವರೇ ಎದ್ದು ಹೋಗಿ ಮೊದಲು ಸ್ವಿಚ್ ಆರಿಸಿದರು, ಆಮೇಲೆ ಮೆಕ್ಯಾನಿಕ್‌ಗೆ ಹೇಳಿಕಳುಹಿಸಿದರು.