ನೆನಪಿನ ಆಟದಲ್ಲಿ ಬಾರದ ಹೆಸರು

ಈಗ ರಜೆ ಎಂದರೆ ಅಜ್ಜನ ಮನೆಯಲ್ಲ, ಬಾಡಿಗೆಗೆ ಹಿಡಿದ ಮನೆ. ಮದುವೆಯ ವಾರ್ಷಿಕೋತ್ಸವ, ಮಗುವಿನ ಹುಟ್ಟುಹಬ್ಬ, ಊರೂರಿಗೆ ಚದುರಿಹೋದ ಅಣ್ಣತಮ್ಮಂದಿರ ಸಮಾಗಮ, ಹಳೆಯ ಸಹಪಾಠಿಗಳ ಕೂಟ ಎಲ್ಲಕ್ಕೂ ಮಲೆನಾಡಿನ ಯಾವುದೋ ತೋಟದ ನಡುವಿನ ದೊಡ್ಡ ಮನೆಯೊಂದು ಎರಡು ದಿನದ ಮಟ್ಟಿಗೆ ನಮ್ಮದಾಗುತ್ತದೆ. ಕಳೆದ ವರ್ಷ ನಮ್ಮ ಕುಟುಂಬದವರೂ ಇಪ್ಪತ್ತಮೂರು ಮಂದಿ ಹೀಗೆ ಹೋಗಿದ್ದೆವು. ಮಕ್ಕಳು ಹೊಳೆಯಲ್ಲಿ ಆಡಿದರು, ಹೆಂಗಸರು ಅಪರೂಪಕ್ಕೆ ಒಲೆಯ ಹತ್ತಿರ ಸುಳಿಯದೆ ಹರಟಿದರು, ಗಂಡಸರು ರಾತ್ರಿ ಬೆಂಕಿ ಹಾಕಿಕೊಂಡು ಕುಳಿತರು. ಹೊತ್ತು ಹೊತ್ತಿಗೆ ಬಿಸಿ ಅಕ್ಕಿ ರೊಟ್ಟಿ ಬಂತು, ಸ್ನಾನಕ್ಕೆ ಹಂಡೆ ತುಂಬ ನೀರು ಕಾದಿತ್ತು. ವಾಪಸು ಬರುವಾಗ ವ್ಯಾನಿನಲ್ಲಿ ತಂಗಿಯ ಮಗಳು ಕೇಳಿದಳು: "ಮಾಮಾ, ರೊಟ್ಟಿ ಮಾಡಿ ಕೊಟ್ಟರಲ್ಲ, ಅವರ ಹೆಸರೇನು?" ಇಪ್ಪತ್ತಮೂರು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿದ್ದಾಗಲೇ ಸತ್ಯಜಿತ್ ರೇ ಅವರ ‘ಅರಣ್ಯೇರ್ ದಿನ್ ರಾತ್ರಿ’ಯನ್ನು ಮತ್ತೊಮ್ಮೆ ನೋಡಿದೆ. ‘ಕಾಡಿನ ಹಗಲು ರಾತ್ರಿ’ ಎಂಬ ಅರ್ಥದ ಈ ಬಂಗಾಳಿ ಚಿತ್ರ ತೆರೆಕಂಡದ್ದು 1970ರಲ್ಲಿ. ದುರಸ್ತಿಗೊಂಡ ಅದರ ಹೊಸ ಪ್ರತಿ 2025ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಟಿಯರಾದ ಶರ್ಮಿಳಾ ಟ್ಯಾಗೋರ್ ಮತ್ತು ಸಿಮಿ ಗರೇವಾಲ್ ಅಲ್ಲಿಗೆ ಹೋಗಿದ್ದರು. ನಗರದ ವಿದ್ಯಾವಂತ ಯುವಕರ ಅಹಂಕಾರ ಕರಗುವ ಕಥೆ, ಗಂಡು ಹೆಣ್ಣಿನ ನಾಜೂಕು ಸಂಬಂಧದ ಕಥೆ ಎಂದೆಲ್ಲ ಈ ಚಿತ್ರದ ಬಗ್ಗೆ ವಿಮರ್ಶಕರು ಬರೆದಿದ್ದಾರೆ. ಅದೆಲ್ಲ ನಿಜವೇ. ಆದರೆ ಈ ಬಾರಿ ನನ್ನ ಕಣ್ಣಿಗೆ ಅದು ಮೊದಲಿಗೆ ಒಂದು ಬಾಡಿಗೆ ಮನೆಯ ಕಥೆಯಾಗಿ ಕಂಡಿತು.

ಕಥೆ ಸರಳ. ಕಲ್ಕತ್ತದ ನಾಲ್ವರು ಗೆಳೆಯರು ಕಾರು ಹತ್ತಿ ಪಲಾಮು ಕಾಡಿಗೆ ಹೊರಡುತ್ತಾರೆ. ಆಗ ಬಿಹಾರದಲ್ಲಿದ್ದ ಈ ಸೀಮೆ 2000ದಿಂದ ಜಾರ್ಖಂಡ್ ರಾಜ್ಯಕ್ಕೆ ಸೇರಿದೆ. ಅಶೀಮ್ ಕಂಪನಿಯ ಅಧಿಕಾರಿ, ಸಂಜಯ್ ಸೆಣಬಿನ ಗಿರಣಿಯಲ್ಲಿ ಲೇಬರ್ ಆಫೀಸರ್, ಹರಿ ಕ್ರಿಕೆಟ್ ಆಟಗಾರ, ಶೇಖರ್ ಕೆಲಸವಿಲ್ಲದ ವಿದೂಷಕ. ಅರಣ್ಯ ಇಲಾಖೆಯ ಬಂಗಲೆಯಲ್ಲಿ ಇಳಿದುಕೊಳ್ಳಬೇಕೆಂಬುದು ಅವರ ಆಸೆ, ಆದರೆ ಕೈಯಲ್ಲಿ ಪರವಾನಗಿ ಪತ್ರವಿಲ್ಲ. ಪತ್ರವಿಲ್ಲದೆ ಬಾಗಿಲು ತೆರೆದರೆ ನನ್ನ ನೌಕರಿ ಹೋಗುತ್ತದೆ ಎಂದು ಚೌಕೀದಾರ ಅಂಗಲಾಚುತ್ತಾನೆ. ಅಶೀಮ್ ಆತನ ಕೈಯಲ್ಲಿ ನೋಟು ತುರುಕುತ್ತಾನೆ. ಬಾಗಿಲು ತೆರೆಯುತ್ತದೆ. ದೇಶದಲ್ಲಿ ಲಂಚ ಇರುವುದಕ್ಕೆ ದೇವರಿಗೆ ಕೃತಜ್ಞತೆ ಹೇಳಿ ಅಶೀಮ್ ನಗುತ್ತಾನೆ. ನಾವೂ ನಗುತ್ತೇವೆ. ಆ ನಗುವಿನಲ್ಲೇ ರೇ ನಮ್ಮನ್ನು ಐದನೆಯ ಗೆಳೆಯನನ್ನಾಗಿ ಮಾಡಿಕೊಂಡು ಬಂಗಲೆಯ ಒಳಗೆ ಕರೆದೊಯ್ದಾಗಿರುತ್ತದೆ.

ಸುನಿಲ್ ಗಂಗೋಪಾಧ್ಯಾಯರ ಮೂಲ ಕಾದಂಬರಿಯಲ್ಲಿ ಈ ಗೆಳೆಯರು ಬರುವುದು ರೈಲಿನಲ್ಲಿ. ರೇ ಅವರಿಗೆ ಕಾರು ಕೊಟ್ಟರು. ಈ ಬದಲಾವಣೆ ಸಣ್ಣದಲ್ಲ. ಅಲೆಮಾರಿಗಳಾಗಿದ್ದವರು ಕಾರು ಬಂದೊಡನೆ ಗಿರಾಕಿಗಳಾದರು. ಅಲೆಮಾರಿಗೆ ಊರಿನವರ ದಯೆ ಬೇಕು, ಗಿರಾಕಿಗೆ ಅವರ ಸೇವೆ ಸಾಕು.

ಬಂಗಾಳದ ಮಧ್ಯಮ ವರ್ಗಕ್ಕೆ ಈ ಸೀಮೆಯೊಂದಿಗೆ ಹಳೆಯ ನಂಟು ಇದೆ. ಮಧುಪುರ, ಗಿರಿಡಿಗಳ ಒಣಹವೆ ಆರೋಗ್ಯಕ್ಕೆ ಒಳ್ಳೆಯದೆಂದು ಕಲ್ಕತ್ತದ ಸ್ಥಿತಿವಂತರು ಅಲ್ಲಿ ದೊಡ್ಡ ದೊಡ್ಡ ಮನೆಗಳನ್ನು ಕಟ್ಟಿಸಿದ್ದರು, ಉಳಿದವರು ಬಾಡಿಗೆಗೆ ಹಿಡಿದು ‘ಚೇಂಜ್’ಗೆಂದು ಹೋಗುತ್ತಿದ್ದರು. ಸಂತೆಯಲ್ಲಿ ಕೋಳಿಯ ಬೆಲೆ, ತರಕಾರಿಯ ಬೆಲೆ ಕೇಳಿ ಈ ಬಾಬುಗಳು ‘ಡ್ಯಾಮ್ ಚೀಪ್’ ಎಂದು ಉದ್ಗರಿಸುತ್ತಿದ್ದರಂತೆ. ಅದನ್ನು ಕೇಳಿ ಕೇಳಿ ಸ್ಥಳೀಯರು ಅವರಿಗೆ ‘ಡ್ಯಾಂಚಿ ಬಾಬು’ ಎಂದೇ ಹೆಸರಿಟ್ಟರು ಎಂಬ ಪ್ರತೀತಿ ಇದೆ. ಚಿತ್ರದಲ್ಲಿ ಗೆಳೆಯರಿಗೆ ಭೇಟಿಯಾಗುವ ಅಪರ್ಣಾ ಮತ್ತು ಅವಳ ವಿಧವೆ ಅತ್ತಿಗೆ ಜಯಾ ಇಂಥದೇ ಕುಟುಂಬದವರು. ಅವರಿಗೆ ಅಲ್ಲಿ ಸ್ವಂತ ಮನೆ ಇದೆ. ನಾಲ್ವರಿಗೆ ಇರುವುದು ಲಂಚ ಕೊಟ್ಟು ಪಡೆದ ಬಂಗಲೆ. ಇವರೆಲ್ಲರಿಗೂ ಕಾಡು ಎಂದರೆ ಹವೆ, ನೆರಳು, ವಿಶ್ರಾಂತಿ. ಅಲ್ಲಿ ಹುಟ್ಟಿದವರಿಗೆ ಅದೇ ಕಾಡು ದುಡಿಮೆಯ ಜಾಗ.

ಬಂಗಲೆಗೆ ಬಂದ ಕೂಡಲೇ ಶೇಖರ್ ವೃತ್ತಪತ್ರಿಕೆಯೊಂದಕ್ಕೆ ಬೆಂಕಿ ಹಚ್ಚುತ್ತಾನೆ. ನಾಗರಿಕತೆಯೊಂದಿಗೆ ಇನ್ನು ಸಂಬಂಧವಿಲ್ಲ ಎಂಬ ತಮಾಷೆ ಅದು. 1967ರ ನಕ್ಸಲ್‌ಬಾರಿ ದಂಗೆಯ ನಂತರದ ಕಲ್ಕತ್ತ ಅದು, ಪತ್ರಿಕೆಯ ತುಂಬ ಅಶಾಂತಿಯ ಸುದ್ದಿಗಳಿದ್ದ ಕಾಲ. ರಜೆ ಬಯಸುವುದು ಇದನ್ನೇ ಅಲ್ಲವೇ? ಎರಡು ದಿನ ಯಾವ ಸುದ್ದಿಯೂ ಬೇಡ ಎಂಬುದನ್ನು? ನಾವೂ ಹೋಂಸ್ಟೇಯ ಗೇಟು ದಾಟಿದೊಡನೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಸಂಭ್ರಮಿಸುತ್ತೇವೆ. ಆದರೆ ಪತ್ರಿಕೆ ಸುಟ್ಟರೂ ಬಂಗಲೆಯ ಹಿಂಬದಿಯ ಸುದ್ದಿ ಅಲ್ಲೇ ಉಳಿದಿರುತ್ತದೆ. ಚೌಕೀದಾರನ ಹೆಂಡತಿಗೆ ಕಾಯಿಲೆ. ಆತ ಅದನ್ನು ಹೇಳಿಯೇ ಇದ್ದಾನೆ. ಅತಿಥಿಗಳ ಕಿವಿಗೆ ಅದು ಬಿದ್ದದ್ದು ಅಡುಗೆಯ ವ್ಯವಸ್ಥೆಗೆ ಬಂದ ಒಂದು ಅಡಚಣೆಯಾಗಿ ಮಾತ್ರ. ಕಾರ್ಮಿಕರ ಅಹವಾಲು ಕೇಳುವುದೇ ಉದ್ಯೋಗವಾಗಿರುವ ಸಂಜಯ್ ಕೂಡ ಒಂದು ಮಾತು ವಿಚಾರಿಸುವುದಿಲ್ಲ. ಅವನು ರಜೆಯಲ್ಲಿದ್ದಾನೆ!

ಚಿತ್ರದ ಪ್ರಸಿದ್ಧ ದೃಶ್ಯ ನೆನಪಿನ ಆಟದ್ದು. ಮರದ ನೆರಳಲ್ಲಿ ಎಲ್ಲರೂ ಸುತ್ತಲೂ ಕೂತಿದ್ದಾರೆ. ಒಬ್ಬರು ಒಬ್ಬ ಪ್ರಸಿದ್ಧ ವ್ಯಕ್ತಿಯ ಹೆಸರು ಹೇಳಬೇಕು, ಮುಂದಿನವರು ಹಿಂದಿನ ಹೆಸರುಗಳನ್ನೆಲ್ಲ ಹೇಳಿ ತಮ್ಮದೊಂದನ್ನು ಸೇರಿಸಬೇಕು. ಟ್ಯಾಗೋರ್, ಕಾರ್ಲ್ ಮಾರ್ಕ್ಸ್, ಕ್ಲಿಯೋಪಾತ್ರ, ಶೇಕ್ಸ್‌ಪಿಯರ್, ಮಾವೋ ಹೀಗೆ ಪಟ್ಟಿ ಬೆಳೆಯುತ್ತದೆ. ಯಾರು ಯಾವ ಹೆಸರು ಹೇಳುತ್ತಾರೆ ಎಂಬುದರಲ್ಲೇ ಅವರವರ ಸ್ವಭಾವ ಬಯಲಾಗುತ್ತದೆ. ಕೊನೆಗೆ ಅಪರ್ಣಾ ಬೇಕೆಂದೇ ಸೋತು ಅಶೀಮ್‌ನನ್ನು ಗೆಲ್ಲಿಸುತ್ತಾಳೆ. ಈ ದೃಶ್ಯದ ಸೊಗಸನ್ನು ಮೆಚ್ಚದವರಿಲ್ಲ. ನನಗೆ ಮಾತ್ರ ಈ ಸಲ ನಮ್ಮ ವ್ಯಾನು ನೆನಪಾಯಿತು. ಜಗತ್ತಿನ ಮಹಾಪುರುಷರ ಹೆಸರುಗಳನ್ನು ಸಾಲಾಗಿ ಒಪ್ಪಿಸಬಲ್ಲ ಈ ಬುದ್ಧಿವಂತರಿಗೆ ತಮಗೆ ನೀರು ತಂದುಕೊಡುವವನು ‘ಚೌಕೀದಾರ’ ಅಷ್ಟೇ. ಮಾರ್ಕ್ಸ್‌ನ ಹೆಸರು ನೆನಪಿದೆ, ಮಾರ್ಕ್ಸ್ ಯಾರ ಬಗ್ಗೆ ಬರೆದನೋ ಅವರ ಹೆಸರು ಗೊತ್ತಿಲ್ಲ.

ಇದನ್ನು ರೇ ಕಂಡಿದ್ದರು ಎನ್ನುವುದಕ್ಕೆ ಚಿತ್ರದಲ್ಲೇ ಸಾಕ್ಷಿ ಇದೆ. ಆಟವಾದ ಮೇಲೆ ಅಪರ್ಣಾ ಮತ್ತು ಅಶೀಮ್ ನಡೆದುಕೊಂಡು ಬಂಗಲೆಯ ಕಡೆಗೆ ಬರುತ್ತಾರೆ. ಚೌಕೀದಾರನ ಹೆಂಡತಿಗೆ ಎಷ್ಟು ಕಾಯಿಲೆ ಎಂಬುದು ನಿಮಗೆ ಗೊತ್ತೇ ಎಂದು ಅವಳು ವಿಚಾರಿಸುತ್ತಾಳೆ. ಅವನು ನೋಡಿಯೇ ಇಲ್ಲ. ಕಿಟಕಿಯ ಮೂಲಕ ಒಳಗೆ ಕಾಣುವಂತೆ ಅವಳು ಅವನನ್ನು ನಿಲ್ಲಿಸುತ್ತಾಳೆ. ಮುರುಕು ಗುಡಿಸಲಿನ ಕತ್ತಲಲ್ಲಿ ಹೆಂಗಸೊಬ್ಬಳು ನರಳುತ್ತಾ ಮಲಗಿದ್ದಾಳೆ. ಅಶೀಮ್‌ನ ಮುಖ ಬಾಡುತ್ತದೆ. ಬಂಗಲೆಗೂ ಆ ಗುಡಿಸಲಿಗೂ ಕೂಗಿದರೆ ಕೇಳುವಷ್ಟೇ ದೂರ.

ಇಲ್ಲಿಗೆ ನಿಲ್ಲಿಸಿ ರೇ ಅವರಿಗೆ ಸಲಾಂ ಹೇಳಿಬಿಡಬಹುದಿತ್ತು. ಆದರೆ ಪ್ರಾಮಾಣಿಕ ವಿಮರ್ಶೆ ಇನ್ನೊಂದು ಪ್ರಶ್ನೆ ಕೇಳಲೇಬೇಕಾಗುತ್ತದೆ. ಆ ಹೆಂಗಸಿಗೆ ಆಮೇಲೆ ಏನಾಯಿತು? ಕ್ಯಾಮೆರಾ ಕಿಟಕಿಯಿಂದ ಈಚೆಗೆ ಬಂದು ಅಶೀಮ್‌ನ ಪಶ್ಚಾತ್ತಾಪದ ಜೊತೆ ಹೊರಟುಹೋಗುತ್ತದೆ. ಅವಳ ಕಾಯಿಲೆ ಅವನ ನೈತಿಕ ಪಾಠಕ್ಕೆ ಒದಗಿತು, ಅವಳಿಗೆ ಮದ್ದು ಒದಗಲಿಲ್ಲ. ಆದಿವಾಸಿ ಯುವತಿ ದುಲಿಯ ಪಾತ್ರದಲ್ಲೂ ಇದೇ ತೊಡಕು. ಮುಂಬಯಿಯ ತಾರೆ ಸಿಮಿ ಗರೇವಾಲ್‌ಗೆ ಮೈಗೆಲ್ಲ ಕಪ್ಪು ಬಣ್ಣ ಬಳಿದು ರೇ ಸಂತಾಲ ಹೆಣ್ಣನ್ನು ಸೃಷ್ಟಿಸಿದರು. ದುಲಿಯನ್ನು ಕಾಡಿಗೆ ಕರೆದೊಯ್ಯುವ ಹರಿಯ ಲೋಲುಪತೆಯನ್ನು ಚಿತ್ರ ಟೀಕಿಸುತ್ತದೆ, ಅದೇ ಹೊತ್ತಿಗೆ ಅವಳನ್ನು ನೋಡುವ ಸುಖವನ್ನು ನಮಗೂ ಬಡಿಸುತ್ತದೆ. ಜಯಾ ಒಂದು ರಾತ್ರಿ ಜಾತ್ರೆಯಲ್ಲಿ ಕೊಂಡ ಆದಿವಾಸಿ ಒಡವೆ ತೊಟ್ಟು ಸಂಜಯನ ಎದುರು ನಿಲ್ಲುವ ದೃಶ್ಯವಿದೆ. ಕುಲೀನ ವಿಧವೆಯೊಬ್ಬಳಿಗೆ ತನ್ನ ಬಯಕೆಯನ್ನು ಹೇಳಿಕೊಳ್ಳಲು ಆದಿವಾಸಿ ವೇಷ ಬೇಕಾಯಿತು ಎಂಬುದನ್ನು ರೇ ಎಷ್ಟು ಸೂಕ್ಷ್ಮವಾಗಿ ತೋರಿಸಿದರು! ಅದೇ ವೇಷವನ್ನು ತಮ್ಮ ಚಿತ್ರವೂ ಹಾಕಿಕೊಂಡಿದೆ ಎಂಬುದು ಅವರಿಗೆ ಹೊಳೆಯಲಿಲ್ಲವೇ?

ಈ ದೃಷ್ಟಿಯಿಂದ ಲಖಾ ಎಂಬ ಆಳಿನ ಪಾತ್ರವೇ ಹೆಚ್ಚು ದಿಟವಾದದ್ದು. ಗೆಳೆಯರು ದಾರಿಯಲ್ಲಿ ಹತ್ತಿಸಿಕೊಂಡು ಬಂದ ಊರಿನವನು ಅವನು. ಪರ್ಸು ಕಾಣೆಯಾದಾಗ ಹರಿ ಅವನನ್ನೇ ಕಳ್ಳನೆಂದು ಹೊಡೆದು ಓಡಿಸುತ್ತಾನೆ. ಪರ್ಸು ಕಳವಾಗಿರಲೇ ಇಲ್ಲ, ಹೆಂಗಸರಿಗೆ ಸಿಕ್ಕಿ ಅವರೇ ತಂದುಕೊಡುತ್ತಾರೆ. ಲಖಾನಿಗೆ ಯಾರೂ ಕ್ಷಮೆ ಕೇಳುವುದಿಲ್ಲ. ಮುಂದೊಂದು ದಿನ ಲಖಾ ಕಾಡಿನಲ್ಲಿ ಹರಿಯ ಮೇಲೆ ಬಿದ್ದು, ಅವನ ತಲೆಗೆ ಬಾರಿಸಿ, ಅದೇ ಪರ್ಸನ್ನು ಕಿತ್ತುಕೊಂಡು ಹೋಗುತ್ತಾನೆ. ಮೊದಲು ಕಳ್ಳನೆಂಬ ಹೆಸರು ಬಂತು, ಕಳ್ಳತನ ಆಮೇಲೆ ನಡೆಯಿತು. ಕಳ್ಳನೆಂದೋ ಇನ್ನೇನೆಂದೋ ಮೊದಲೇ ಹೆಸರಿಡಲ್ಪಟ್ಟ ಸಮುದಾಯಗಳಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೇಲಧಿಕಾರಿ ಬಂದು ಗೆಳೆಯರನ್ನು ಬಂಗಲೆ ಬಿಡುವಂತೆ ಗದರಿಸುವ ಸನ್ನಿವೇಶವೂ ಇದೆ. ಅಷ್ಟರಲ್ಲಿ ಅಪರ್ಣಾ, ಜಯಾ ಬರುತ್ತಾರೆ. ಅಧಿಕಾರಿಗೆ ಅವರ ಕುಟುಂಬದ ಪರಿಚಯವಿದೆ, ವಿಷಯ ನಗುವಿನಲ್ಲಿ ಮುಗಿಯುತ್ತದೆ. ಬೆವರಿದವನು ಚೌಕೀದಾರನೊಬ್ಬನೇ. ತಪ್ಪು ಮಾಡಿದವರಿಗೆ ಪರಿಚಯಸ್ಥರಿದ್ದರು. ತಪ್ಪು ಮಾಡುವಂತೆ ಒತ್ತಾಯಕ್ಕೊಳಗಾದವನಿಗೆ ಯಾರಿದ್ದರು?

ಐದು ದಶಕಗಳಾಚೆಗಿನ ಆ ಬಂಗಲೆಯಿಂದ ನಮ್ಮ ಮಲೆನಾಡಿನ ಮನೆಗೆ ದೂರ ಹೆಚ್ಚಿಲ್ಲ. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರುಗಳ ಅನೇಕ ಬೆಳೆಗಾರರು ಹೋಂಸ್ಟೇಗಳ ಕಡೆಗೆ ತಿರುಗಿದರು. ಅದರಿಂದ ಎಷ್ಟೋ ಸಂಸಾರಗಳು ಉಳಿದವು, ತೋಟ ಮಾರುವುದು ತಪ್ಪಿತು. ಮನೆಯೊಡತಿಯೇ ಅಡುಗೆ ಮಾಡಿ, ಮನೆಯ ಯಜಮಾನನೇ ಜೊತೆಗೆ ಕೂತು ಊಟಮಾಡುವ ಮನೆಗಳೂ ಇವೆ. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಇಪ್ಪತ್ತು ಮೂವತ್ತು ಜನರ ಗುಂಪಿಗೆ ಇಡೀ ಬಂಗಲೆಯನ್ನೇ ಬಿಟ್ಟುಕೊಡುವ ಕಡೆ ಮಾಲೀಕ ಹೆಚ್ಚಾಗಿ ದೂರದ ಪಟ್ಟಣದಲ್ಲಿರುತ್ತಾನೆ. ಅಲ್ಲಿ ಉಳಿಯುವವರು ಕಾವಲಿನವನು, ಅವನ ಹೆಂಡತಿ ಮತ್ತು ಜಗುಲಿಯಿಂದ ಕಾಣದ ಹಾಗೆ ಇಳಿಜಾರಿನಲ್ಲಿರುವ ಲೈನ್ ಮನೆಗಳ ಕೂಲಿಗಳು. ಜಗುಲಿಯಿಂದ ಕಾಣುವುದು ಮಂಜು ಮಾತ್ರ. ಈಗ ಲಂಚ ಕೊಡಬೇಕಾಗಿಲ್ಲ, ಮುಂಗಡ ಹಣ ಫೋನಿನಲ್ಲೇ ಪಾವತಿಯಾಗುತ್ತದೆ. ಹಣ ಕೊಟ್ಟಾಗಿದೆ, ಆದ್ದರಿಂದ ಋಣವಿಲ್ಲ ಎಂಬ ನೆಮ್ಮದಿ ನಮಗೆ. ಅಶೀಮ್ ನೋಟು ಕೊಡುವಾಗ ಚೌಕೀದಾರನ ಮುಖವನ್ನಾದರೂ ನೋಡಬೇಕಾಗಿತ್ತು.

ನಮ್ಮ ಊರುಗಳಲ್ಲಿ ಛತ್ರಗಳಿದ್ದವು, ಮುಸಾಫಿರ್‌ಖಾನೆಗಳಿದ್ದವು. ಅವೇನೂ ಸ್ವರ್ಗವಾಗಿರಲಿಲ್ಲ. ಜಾತಿಯ ಪಂಕ್ತಿ, ಒಳಗೆ ಹೊರಗೆ ಎಂಬ ಭೇದ ಎಲ್ಲ ಇತ್ತು. ಆದರೂ ದಾರಿಹೋಕ ತಾನು ಇನ್ನೊಬ್ಬರ ನೆರಳಿನಲ್ಲಿ ಮಲಗಿದ್ದೇನೆ ಎಂಬುದನ್ನು ಮರೆಯುವಂತಿರಲಿಲ್ಲ. ಅತಿಥಿಗೆ ಹಕ್ಕು ಇರುವಂತೆಯೇ ಮರ್ಯಾದೆಯ ಕಟ್ಟುಪಾಡೂ ಇತ್ತು. ಬಾಡಿಗೆಯ ರಜೆ ಈ ಕಟ್ಟುಪಾಡನ್ನು ಸಡಿಲಿಸಿ ನಮ್ಮನ್ನು ಎರಡು ದಿನದ ಜಮೀನ್ದಾರರನ್ನಾಗಿ ಮಾಡುತ್ತದೆ. ಕೂಡಿ ಉಣ್ಣುವ, ಕೂಡಿ ನಗುವ ಸಂಭ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಆ ಕೂಟದ ವೃತ್ತ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಕೇಳುತ್ತಿದ್ದೇನೆ.

ಚಿತ್ರದ ಕೊನೆಯಲ್ಲಿ ಗೆಳೆಯರು ಕಾರು ಹತ್ತುವ ಮುನ್ನ ಚೌಕೀದಾರ ಒಂದು ಪೊಟ್ಟಣ ತಂದುಕೊಡುತ್ತಾನೆ. ಹೆಂಗಸರು ಅವರಿಗೆಂದು ಬಿಟ್ಟುಹೋದ ಬೇಯಿಸಿದ ಮೊಟ್ಟೆಗಳು. ಗೆಳೆಯರು ಖುಷಿಪಡುತ್ತಾರೆ. ಹೆಂಡತಿ ನರಳುತ್ತಿರುವಾಗಲೂ ಆತ ಇನ್ನೊಬ್ಬರ ಉಡುಗೊರೆಯನ್ನು ಜೋಪಾನವಾಗಿ ತಲುಪಿಸಿದ್ದಾನೆ. ಕಾರು ಹೊರಡುತ್ತದೆ.

ನಾನು ವಾರ ಕಳೆದ ಮೇಲೆ ಆ ತೋಟದ ಮನೆಗೆ ಫೋನು ಮಾಡಿ ರೊಟ್ಟಿ ಮಾಡಿದವರ ಹೆಸರು ಕೇಳಿದೆ. ಆ ಕಡೆಯ ಮ್ಯಾನೇಜರ್ ಗಾಬರಿಯಾದರು. "ಯಾಕೆ ಸಾರ್, ಏನಾದರೂ ಕಂಪ್ಲೇಂಟಾ?" ಎಂದರು. ಅಲ್ಲ ಎಂದು ಅವರನ್ನು ನಂಬಿಸಲು ಸ್ವಲ್ಪ ಹೊತ್ತೇ ಹಿಡಿಯಿತು. ಹೆಸರು ಕೇಳುವುದೇ ದೂರು ಹೇಳುವುದಕ್ಕೆ ಎಂಬ ಸ್ಥಿತಿಗೆ ನಮ್ಮ ಆತಿಥ್ಯ ಬಂದು ನಿಂತಿದೆ. ಹೆಸರು ತಿಳಿದುಕೊಂಡು ತಂಗಿಯ ಮಗಳಿಗೆ ಹೇಳಿದೆ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಾಳೆ.