ಹುಸಿಗೂ ಒಂದು ಹೊತ್ತು

ಇಸ್ಪೀಟು ಗಂಡಸರ ಚಟ ಎಂದು ಕೇಳುತ್ತಲೇ ಬೆಳೆದವಳು ನಾನು. ಹಾಗಾಗಿ ಮಾರಿಯಾ ಕೊನ್ನಿಕೋವಾ ಅವರ ‘ದಿ ಬಿಗ್ಗೆಸ್ಟ್ ಬ್ಲಫ್’ (2020) ಪುಸ್ತಕವನ್ನು ಅನುಮಾನದಿಂದಲೇ ತೆರೆದೆ. ಮನಶ್ಶಾಸ್ತ್ರ ಓದಿದ ಈ ಲೇಖಕಿಗೆ ಪೋಕರ್ ಗೊತ್ತೇ ಇರಲಿಲ್ಲ. ಎರಿಕ್ ಸೈಡೆಲ್ ಎಂಬ ನುರಿತ ಆಟಗಾರರಿಂದ ಕಲಿತು, 2018ರಲ್ಲಿ ಬಹಾಮಾಸ್‌ನ ಪಂದ್ಯವೊಂದನ್ನು ಗೆದ್ದೇಬಿಟ್ಟರು.

ಗೆಲುವಿಗಿಂತ ನನ್ನನ್ನು ತಟ್ಟಿದ್ದು ಸೋಲಿನ ಪುಟಗಳು. ಗಂಡಸರು ಜೋರು ಮಾಡಿದರೆ ಸಾಕು, ಬಿಡಬಾರದ ಎಲೆಯನ್ನೂ ಕೆಳಗಿಟ್ಟು ಸುಮ್ಮನಾಗುತ್ತಿದ್ದೆ ಎಂದು ಆಕೆ ಒಪ್ಪಿಕೊಳ್ಳುತ್ತಾರೆ. ಅಲ್ಲಿ ಪುಸ್ತಕ ಮುಚ್ಚಿ ಕೂತೆ. ಅಪ್ಪನ ಸೈಟು ಮಾರುವಾಗ ನನ್ನ ರುಜುವಿಲ್ಲದೆ ಆಗದೆಂದು ಗೊತ್ತಿದ್ದೂ, ಅಣ್ಣ ಒಮ್ಮೆ ಗದರಿದ್ದಕ್ಕೆ ತೆಪ್ಪಗೆ ರುಜು ಹಾಕಿದವಳು ನಾನು.

ಹುಸಿಯಾಡಲೂ ಲೆಕ್ಕ ಬೇಕು. ಮೇಜಿನ ಮೇಲೆ 100 ಇದ್ದು, ಬರಿಗೈಯಲ್ಲಿ ನಾವೂ 100 ಕಟ್ಟಿದರೆ, ನಷ್ಟವಾಗದಿರಲು ಎದುರಾಳಿ ಎರಡರಲ್ಲಿ ಒಂದು ಸಲ ಹಿಂದೆಗೆಯಬೇಕು. 50 ಕಟ್ಟಿದರೆ ಮೂರರಲ್ಲಿ ಒಂದು ಸಲ ಸಾಕು. ಎಲೆ ಬಿಡಲೊಲ್ಲದ ಹಟಮಾರಿಯ ಮುಂದೆ ಹುಸಿ ದಂಡ. ಅಲ್ಲಿಯವರೆಗೆ ಆಡಿದ ರೀತಿಗೆ ಹೊಂದದ ಹುಸಿಯನ್ನು ಯಾರೂ ನಂಬರು. ದಿನವೂ ‘ಹೆಡ್‌ಮಾಸ್ಟರಿಗೆ ಹೇಳ್ತೀನಿ’ ಎನ್ನುವ ಟೀಚರಿಗೆ ಮಕ್ಕಳು ಹೆದರುವುದುಂಟೆ?

ಪುಸ್ತಕದಲ್ಲಿ ಕೊರತೆಯೂ ಇದೆ. ಆಟ ಆಟಕ್ಕೂ ಬದುಕಿನ ಪಾಠ ಹಿಂಡುವ ಆತುರ ಬೇಸರ ತರುತ್ತದೆ. ಜೂಜಿನಲ್ಲಿ ಮನೆ ಕಳೆದವರ ಹೆಂಡಿರ ಕಥೆಯೂ ಇದಲ್ಲ. ಆ ಕಥೆ ನಮ್ಮ ಓಣಿಗಳಲ್ಲಿದೆ.

ಆದರೂ ಓದಿ. ಆ ರುಜುವಿಗೆ ಮೊದಲೇ ಇಂಥದ್ದೊಂದು ನನ್ನ ಕೈಗೆ ಸಿಗಬೇಕಿತ್ತು.